ಮೊದಲ ತಲೆಮಾರಿನ ಸ್ಮಾರ್ಟ್‌ವಾಚ್: ಈಗಲೇ ತಗೊಳ್ಳೋದಾ, ಕಾಯೋದಾ?

ಮೊನ್ನೆ ರಾತ್ರಿ ಹನ್ನೊಂದೂವರೆಗೆ ತಮ್ಮನ ಮೆಸೇಜ್ ಬಂತು. ಒಂದು ಲಿಂಕು, ಅದರ ಕೆಳಗೆ ಎರಡೇ ಪದ. "ಅಕ್ಕಾ, ತಗೊಳ್ಳಲಾ?"

ಒತ್ತಿ ನೋಡಿದರೆ ಹೊಸದೊಂದು ಸ್ಮಾರ್ಟ್‌ವಾಚ್. ಆ ಕಂಪನಿ ವಾಚ್ ಮಾಡಿದ್ದು ಇದೇ ಮೊದಲು. ಕಪ್ಪು ಹಿನ್ನೆಲೆ, ನಿಧಾನವಾಗಿ ತಿರುಗುವ ಗಾಜು, ಬೆವರೇ ಬರದೆ ಓಡುವ ಜನ. ಪುಟದ ಕೊನೆಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರ. ನಾನು ಮೊದಲು ಓದುವುದು ಅದನ್ನೇ. ಕೆಲಸದಿಂದ ಅಂಟಿದ ಚಟ.

ನಾನು ಸಾಫ್ಟ್‌ವೇರ್ ಟೆಸ್ಟರ್. ಹದಿನಾರು ವರ್ಷದಿಂದ ಬೇರೆಯವರು ಬರೆದದ್ದರಲ್ಲಿ ಹುಳುಕು ಹುಡುಕಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಅಂಥವಳ ಮೇಜಿನ ಎರಡನೇ ಡ್ರಾಯರಿನಲ್ಲೂ ಒಂದು ಮೊದಲ ತಲೆಮಾರಿನ ವಾಚ್ ಸತ್ತು ಮಲಗಿದೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಬುಕಿಂಗ್ ಶುರುವಾದ ಮೊದಲ ಗಂಟೆಯಲ್ಲೇ ದುಡ್ಡು ಕಟ್ಟಿದ್ದೆ. ನಾಲ್ಕು ತಿಂಗಳು ಖುಷಿ, ಇನ್ನೊಂದು ವರ್ಷ ತಾಳ್ಮೆ, ಆಮೇಲೆ ಡ್ರಾಯರ್.

ತಮ್ಮನಿಗೆ "ತಗೋ" ಅಥವಾ "ಬೇಡ" ಅಂತ ಒಂದೇ ಪದದಲ್ಲಿ ಹೇಳಿ ಮಲಗಬಹುದಿತ್ತು. ಆದರೆ ಉತ್ತರ ಇರುವುದು ವಾಚ್‌ನಲ್ಲಲ್ಲ, ಅವನ ದಿನಚರಿಯಲ್ಲಿ. ಅದಕ್ಕೇ ಒಂದಷ್ಟು ಪ್ರಶ್ನೆ ವಾಪಸ್ ಕಳಿಸಿದೆ. ಅವನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇದು ನಿಜವಾಗಿ ಮೊದಲ ತಲೆಮಾರಾ?

ಹೆಸರಿನ ಮುಂದಿರುವ ಅಂಕಿಯನ್ನು ನಂಬಬೇಡಿ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಬಂದದ್ದು 2021ರಲ್ಲಿ. ಹೆಸರಿನಲ್ಲಿ ನಾಲ್ಕು ಇದೆ. ಆದರೆ ವೇರ್ ಓಎಸ್ 3 ಅನ್ನುವ, ವಾಚನ್ನು ಒಳಗಿನಿಂದ ನಡೆಸುವ ಹೊಸ ಸಾಫ್ಟ್‌ವೇರ್ ಹೊತ್ತು ಬಂದ ಮೊದಲ ವಾಚ್ ಅದೇ. ಅದರ ಹಿಂದಿನ ಗ್ಯಾಲಕ್ಸಿ ವಾಚ್‌ಗಳು ಐಫೋನ್ ಜೊತೆ ಕೆಲಸ ಮಾಡುತ್ತಿದ್ದವು, ಇದು ಮಾಡಲಿಲ್ಲ. ಅಂದರೆ ಒಳಗಿನಿಂದ ನೋಡಿದರೆ ಅದೂ ಒಂದು ಹೊಸ ಶುರುವೇ.

ಇದರ ಉಲ್ಟಾ ಕೂಡ ಇದೆ. ಗೂಗಲ್‌ನ ಮೊದಲ ಪಿಕ್ಸೆಲ್ ವಾಚ್ 2022ರ ಅಕ್ಟೋಬರಿನಲ್ಲಿ ಬಂತು. ಹೆಸರಿಗೆ ಹೊಚ್ಚ ಹೊಸದು. ಒಳಗಿದ್ದ ಎಕ್ಸಿನೋಸ್ 9110 ಚಿಪ್ ಮಾತ್ರ 2018ರ ಗ್ಯಾಲಕ್ಸಿ ವಾಚ್‌ನಲ್ಲೇ ಇದ್ದದ್ದು. ಹಳೆಯ ಚಿಪ್ ಅಂದರೆ ಪಳಗಿದ ಚಿಪ್ ಅನ್ನುವುದು ಒಂದು ಲಾಭ. ಜಾಸ್ತಿ ಬ್ಯಾಟರಿ ತಿನ್ನುತ್ತದೆ, ಬೇಗ ಮುದಿಯಾಗುತ್ತದೆ ಅನ್ನುವುದು ನಷ್ಟ. ಮರುವರ್ಷ ಬಂದ ಪಿಕ್ಸೆಲ್ ವಾಚ್ 2ರಲ್ಲಿ ಚಿಪ್ಪನ್ನೇ ಬದಲಾಯಿಸಿದರು.

ಹಾಗಾಗಿ ನೀವು ಕೇಳಬೇಕಾದ್ದು ಮೂರು. ಕಂಪನಿಗೆ ಇದು ಎಷ್ಟನೇ ವಾಚ್? ಇದರ ಸಾಫ್ಟ್‌ವೇರ್ ಈ ಮುಂಚೆ ಯಾರ ಕೈಯಲ್ಲಾದರೂ ಓಡಿದೆಯಾ? ಯಾವ ಸೆನ್ಸರನ್ನು ದೊಡ್ಡದಾಗಿ ತೋರಿಸುತ್ತಿದ್ದಾರೋ ಅದು ಹೊಸದಾ? ಮೂರಕ್ಕೂ "ಹೊಸದು" ಅನ್ನುವ ಉತ್ತರ ಬಂದರೆ ನೀವು ಗಿರಾಕಿ ಅಲ್ಲ, ದುಡ್ಡು ಕೊಟ್ಟು ಟೆಸ್ಟಿಂಗ್ ಮಾಡುವ ನನ್ನ ಸಹೋದ್ಯೋಗಿ.

ರಿಲೀಸ್ ಮೀಟಿಂಗಿನ ಒಳಗೆ

ನಮ್ಮ ಕೆಲಸದ ಒಂದು ಗುಟ್ಟು ಹೇಳುತ್ತೇನೆ. ಗುಟ್ಟೇನಲ್ಲ, ಹೊರಗಿನವರು ಕೇಳುವುದಿಲ್ಲ ಅಷ್ಟೇ. ಬಿಡುಗಡೆಯ ದಿನ ಮೊದಲು ನಿಗದಿಯಾಗುತ್ತದೆ. ವಸ್ತು ಆಮೇಲೆ ಸಿದ್ಧವಾಗುತ್ತದೆ. ಕೊನೆಯ ವಾರ ಒಂದು ಕೋಣೆಯಲ್ಲಿ ಕೂತು ಉಳಿದ ತಪ್ಪುಗಳ ಪಟ್ಟಿ ಓದುತ್ತೇವೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದಕ್ಕಾಗಿ ಬಿಡುಗಡೆ ನಿಲ್ಲಿಸಬೇಕಾ? ಬಹಳಷ್ಟಕ್ಕೆ "ಬೇಡ, ಮುಂದಿನದರಲ್ಲಿ ನೋಡೋಣ" ಅಂತಾಗುತ್ತದೆ. ಆ "ಮುಂದಿನದು" ಅಂದರೆ ಒಂದು ಅಪ್‌ಡೇಟ್ ಇರಬಹುದು. ಇಲ್ಲವೇ ನೀವು ಮತ್ತೆ ದುಡ್ಡು ಕೊಟ್ಟು ತಗೊಳ್ಳಬೇಕಾದ ಎರಡನೇ ಮಾದರಿಯೂ ಇರಬಹುದು.

ಇದರಲ್ಲಿ ಮೋಸ ಇದೆ ಅಂತ ಹೇಳುತ್ತಿಲ್ಲ. ಎಲ್ಲ ತಪ್ಪು ತಿದ್ದಿಯೇ ಬಿಡುತ್ತೇವೆ ಅಂತ ಕೂತರೆ ಯಾವುದೂ ಹೊರಗೆ ಬರುವುದಿಲ್ಲ. ಆದರೆ ವಾಚ್ ವಿಷಯದಲ್ಲಿ ಒಂದು ತೊಂದರೆ ಹೆಚ್ಚಿಗೆ ಇದೆ. ಫೋನು ಮೇಜಿನ ಮೇಲೆ ಇರುತ್ತದೆ, ವಾಚ್ ಚರ್ಮದ ಮೇಲೆ. ಬೆವರು, ಕೂದಲು, ಸಾಬೂನು, ಉದ್ದ ತೋಳಿನ ಅಂಗಿ, ಎಡಗೈ ರೂಢಿ, ಮಲಗುವ ಭಂಗಿ ಎಲ್ಲ ಸೇರಿ ಲಕ್ಷಾಂತರ ಜನರ ಕೈ ಲಕ್ಷಾಂತರ ಥರ. ಯಾವ ಲ್ಯಾಬಿನಲ್ಲೂ ಅಷ್ಟು ಕೈ ಸಿಗುವುದಿಲ್ಲ.

2014ರಲ್ಲಿ ಎಲ್‌ಜಿ ಜಿ ವಾಚ್ ಬಂದಾಗ ಹೀಗೇ ಆಯಿತು. ಅದರ ಬೆನ್ನಿನಲ್ಲಿ ಚಾರ್ಜ್ ಮಾಡಲು ಲೋಹದ ಸಣ್ಣ ಬೊಟ್ಟುಗಳಿದ್ದವು. ಕೈಗೆ ಕಟ್ಟಿಕೊಂಡಾಗಲೂ ಅವುಗಳಲ್ಲಿ ಕರೆಂಟ್ ಹರಿಯುತ್ತಿತ್ತು. ಬೆವರು ತಾಗಿ ಬೊಟ್ಟುಗಳ ಮೇಲೆ ಕಿಲುಬಿನಂಥ ಕಲೆ ಕಟ್ಟತೊಡಗಿತು. ಆಮೇಲೆ ಕಂಪನಿ ಆ ಕರೆಂಟ್ ನಿಲ್ಲಿಸಲು ಅಪ್‌ಡೇಟ್ ಕೊಟ್ಟಿತು. ಮರುವರ್ಷ ಮೊದಲ ಆಪಲ್ ವಾಚ್ ಬಂದಾಗ, ಮಣಿಕಟ್ಟಿನ ಮೇಲೆ ದಟ್ಟ ಹಚ್ಚೆ ಇದ್ದವರಿಗೆ ಬೇರೆ ಗೋಳು. ಈ ವಾಚ್‌ಗಳು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ವಾಪಸ್ ಬರುವ ಬೆಳಕಿನಿಂದ ಎದೆಬಡಿತ ಎಣಿಸುತ್ತವೆ. ಹಚ್ಚೆಯ ಬಣ್ಣ ಆ ಬೆಳಕನ್ನು ತಡೆಯಬಹುದು ಅಂತ ಆಪಲ್ ಒಪ್ಪಿಕೊಂಡಿತು. ಎರಡೂ ಕಡೆ ಎಂಜಿನಿಯರುಗಳೇನು ದಡ್ಡರಲ್ಲ. ಅವರು ನೋಡದ ಕೈಗಳು ಹೊರಗೆ ಬೇಕಾದಷ್ಟಿದ್ದವು, ಅಷ್ಟೇ.

ಒಂದೇ ಒಂದು ವಾಕ್ಯ ಬರೆಯಿರಿ

ಕಾಗದದ ಮೇಲೆ ಬರೆಯಿರಿ, ಮನಸ್ಸಿನಲ್ಲಿ ಅಲ್ಲ. "ನನಗೆ ಈ ವಾಚ್ ಬೇಕು, ಯಾಕೆಂದರೆ..." ಅಂತ ಶುರು ಮಾಡಿ ಮುಗಿಸಿ. ಷರತ್ತು ಒಂದೇ: "ಚೆನ್ನಾಗಿದೆ", "ಎಲ್ಲಾ ಇದೆ", "ಆರೋಗ್ಯಕ್ಕೆ ಒಳ್ಳೇದು" ಇವು ನಡೆಯುವುದಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುವಾಗ ಬೇಕು ಅಂತ ಇರಬೇಕು.

ನಮ್ಮ ಆಫೀಸಿನಲ್ಲಿ ಹಿರಿಯರೊಬ್ಬರಿದ್ದರು. ಅವರಿಗೆ ಒಂದು ಕಿವಿ ಪೂರ್ತಿ ಕೇಳದು, ಇನ್ನೊಂದು ಅರ್ಧ. ಅವರು ಕೂಡ ನಾನು ಕೊಂಡ ವಾಚನ್ನೇ, ನಾನು ಕೊಂಡ ವಾರವೇ ಕೊಂಡರು. ಅವರ ವಾಕ್ಯ ಏನಿತ್ತು ಗೊತ್ತಾ? "ಮಗಳು ಫೋನ್ ಮಾಡಿದಾಗ ನನಗೆ ಗೊತ್ತಾಗಬೇಕು. ಬೆಳಿಗ್ಗೆ ಹೆಂಡತಿಯನ್ನು ಎಬ್ಬಿಸದೆ ನಾನು ಏಳಬೇಕು." ವಾಚ್ ಮಣಿಕಟ್ಟಿನ ಮೇಲೆ ಟಕ್ ಟಕ್ ಅಂತ ತಟ್ಟುತ್ತಿತ್ತು, ಅವರ ಕೆಲಸ ಆಯಿತು. ಆ್ಯಪ್‌ಗಳು ತೆರೆಯಲು ಹನ್ನೆರಡು ಸೆಕೆಂಡ್ ಬೇಕು ಅಂತ ನಾನು ದಿನಾ ಗೊಣಗುತ್ತಿದ್ದೆ. ಅವರು ಒಂದು ಆ್ಯಪನ್ನೂ ತೆರೆದವರಲ್ಲ. ಬ್ಯಾಟರಿ ಸಂಜೆಗೇ ಸಾಯುತ್ತದೆ ಅಂತ ನಾನು ರೇಗಿದರೆ, ಮಧ್ಯಾಹ್ನ ಅರ್ಧ ಗಂಟೆ ಚಾರ್ಜಿಗೆ ಇಟ್ಟರಾಯಿತಲ್ಲ ಅನ್ನುತ್ತಿದ್ದರು. ವಾಚ್ ಒಂದೇ. ನನಗೆ ಅದು ದುಡ್ಡು ದಂಡ, ಅವರಿಗೆ ಎರಡು ವರ್ಷದ ನೆಮ್ಮದಿ.

ನಾನು ಆಗ ಬರೆದಿದ್ದರೆ ನನ್ನ ವಾಕ್ಯ "ಹೊಸದು ಬಂದಿದೆ, ಅದಕ್ಕೆ" ಅಂತ ಇರುತ್ತಿತ್ತು. ಅದೂ ತಪ್ಪಲ್ಲ. ಹೊಸದನ್ನು ಬಿಚ್ಚಿ ಕೆದಕುವ ಖುಷಿಗೇ ದುಡ್ಡು ಕೊಡುತ್ತಿದ್ದೇನೆ ಅಂತ ಗೊತ್ತಿದ್ದು ಕೊಟ್ಟರೆ ಸರಿ. ನಾನು ಅದನ್ನು ಓಟಕ್ಕೆ, ನಿದ್ದೆ ಅಳೆಯುವುದಕ್ಕೆ ಅಂತ ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ನಾನು ಓಡುವವಳೇ ಅಲ್ಲ.

ತಮ್ಮನ ವಾಕ್ಯ ಚೆನ್ನಾಗಿ ಬಂತು. "ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡುವಾಗ ಫೋನ್ ಮನೆಯಲ್ಲೇ ಬಿಟ್ಟು ಹೋಗಬೇಕು. ಆದರೂ ದಾರಿ, ವೇಗ ಎರಡೂ ದಾಖಲಾಗಬೇಕು." ಇಂಥ ವಾಕ್ಯ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಮೂರು ಕಾಲಂ

ಈಗ ಅದೇ ಕಾಗದದಲ್ಲಿ ಮೂರು ಕಾಲಂ ಎಳೆಯಿರಿ. ವಾಚ್ ತಾನೇ ಮಾಡುವುದು. ಫೋನ್ ಪಕ್ಕದಲ್ಲಿದ್ದರೆ ಮಾತ್ರ ಮಾಡುವುದು. ಮುಂದೆ ಮಾಡುತ್ತೇನೆ ಅಂತ ಹೇಳುತ್ತಿರುವುದು. ಜಾಹೀರಾತಿನ ಪುಟದಲ್ಲಿರುವ ಪ್ರತಿಯೊಂದು ಸಂಗತಿಯನ್ನೂ ಈ ಮೂರರಲ್ಲಿ ಒಂದಕ್ಕೆ ಹಾಕಿ. ಯಾವುದು ಎಲ್ಲಿಗೆ ಅನ್ನುವುದು ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ, ನಾನು ಹೇಳಿದ ಇರುವೆ ಸಾಲಿನಲ್ಲಿ ಇರುತ್ತದೆ. "ಆಯ್ದ ದೇಶಗಳಲ್ಲಿ", "ಶೀಘ್ರದಲ್ಲಿ", "ಫೋನ್ ಅಗತ್ಯ", "ಚಂದಾ ಬೇಕು". ಅವನ್ನು ಓದದೆ ಕಾಲಂ ತುಂಬಬೇಡಿ.

ಮೊದಲ ಆಪಲ್ ವಾಚನ್ನು ಈ ಕಾಲಂಗಳಲ್ಲಿ ಇಟ್ಟು ನೋಡೋಣ. ಅದು ಮಾರಾಟಕ್ಕೆ ಬಂದದ್ದು 2015ರ ಏಪ್ರಿಲ್ 24ರಂದು. ಸಮಯ, ಅಲಾರಂ, ಹೆಜ್ಜೆ ಎಣಿಕೆ, ಎದೆಬಡಿತ ಮೊದಲ ಕಾಲಂ. ಬೇರೆಯವರು ಮಾಡಿದ ಆ್ಯಪ್‌ಗಳೆಲ್ಲ ಎರಡನೇ ಕಾಲಂ, ಯಾಕೆಂದರೆ ಅವು ಓಡುತ್ತಿದ್ದದ್ದು ಫೋನಿನಲ್ಲಿ. ವಾಚ್ ಬರೀ ಚಿತ್ರ ತೋರಿಸುತ್ತಿತ್ತು, ಅದಕ್ಕೇ ಅಷ್ಟು ನಿಧಾನ. ವಾಚ್‌ನಲ್ಲೇ ಓಡುವ ಆ್ಯಪ್ ಮೂರನೇ ಕಾಲಂ. ಅದು ಬಂತು ಕೂಡ, ಅದೇ ಸೆಪ್ಟೆಂಬರಿನಲ್ಲಿ ವಾಚ್ ಓಎಸ್ 2 ಅನ್ನುವ ಸಾಫ್ಟ್‌ವೇರ್ ಅಪ್‌ಡೇಟ್ ಜೊತೆಗೆ. ಓಡಿದ ದಾರಿ ಗುರುತಿಸುವ ಜಿಪಿಎಸ್ ಮಾತ್ರ ಮೂರರಲ್ಲಿ ಎಲ್ಲೂ ಇರಲಿಲ್ಲ. ಜಿಪಿಎಸ್ ಅನ್ನುವುದು ಒಳಗೆ ಕೂರಿಸಬೇಕಾದ ವಸ್ತು. ಅಪ್‌ಡೇಟಿನಲ್ಲಿ ಅದು ಹಾರಿಕೊಂಡು ಬರುವುದಿಲ್ಲ. ಅದಕ್ಕೆ 2016ರ ಸೀರೀಸ್ 2 ತನಕ ಕಾಯಬೇಕಾಯಿತು. ಹಾಕಿಕೊಂಡು ಈಜುವ ಭಾಗ್ಯವೂ ಅದರ ಜೊತೆಗೇ ಬಂತು.

ಇಲ್ಲಿ ಒಂದು ಸೂತ್ರ ಇದೆ, ನನ್ನ ಕೆಲಸದಲ್ಲಿ ದಿನಾ ಬಳಸುತ್ತೇನೆ. ಸಾಫ್ಟ್‌ವೇರ್ ಕೊರತೆ ತೀರಬಹುದು. ಹಾರ್ಡ್‌ವೇರ್ ಕೊರತೆ ಆ ವಾಚ್‌ನಲ್ಲಿ ಯಾವತ್ತೂ ತೀರುವುದಿಲ್ಲ. ನಿಮ್ಮ ವಾಕ್ಯಕ್ಕೆ ಬೇಕಾದ್ದು ಸೆನ್ಸರ್, ಬ್ಯಾಟರಿ, ಸೈಜು, ನೀರು ತಡೆಯುವ ಶಕ್ತಿ ಇವುಗಳಲ್ಲಿ ಒಂದಾಗಿದ್ದು ಅದು ಇವತ್ತು ಇಲ್ಲದಿದ್ದರೆ, ಮಾತು ಮುಗಿಯಿತು. ಕಾಯಿರಿ.

ಮೂರನೇ ಕಾಲಮ್ಮಿಗೆ ನಾನು ಶೂನ್ಯ ಅಂಕ ಕೊಡುತ್ತೇನೆ. ಜಿಪುಣಿ ಅನ್ನಿ, ಪರವಾಗಿಲ್ಲ. ಒಳ್ಳೆಯ ಕಂಪನಿಯೂ ತಡ ಮಾಡುತ್ತದೆ. ಆಪಲ್ ವಾಚ್ ಸೀರೀಸ್ 4 ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಇಸಿಜಿ ತೆಗೆಯುತ್ತದೆ ಅನ್ನುವ ದೊಡ್ಡ ಸುದ್ದಿಯ ಜೊತೆ. ಅಮೆರಿಕದವರಿಗೆ ಆ ಇಸಿಜಿ ಸಿಕ್ಕಿದ್ದು ಡಿಸೆಂಬರಿನಲ್ಲಿ. ಬೇರೆ ದೇಶದವರು ಇನ್ನೂ ಕಾದರು, ಯಾಕೆಂದರೆ ಅದಕ್ಕೆ ಪ್ರತಿ ಕಡೆಯೂ ಸರ್ಕಾರಿ ಅನುಮತಿ ಬೇಕು. ಇವತ್ತು ಇಲ್ಲದ್ದಕ್ಕೆ ಇವತ್ತು ದುಡ್ಡು ಕೊಡಬೇಡಿ.

ಮೂರು ಕಾಲಂ ಆಟದಲ್ಲಿ ಗೆದ್ದ ಮೊದಲ ತಲೆಮಾರಿನ ವಾಚ್ ಯಾವುದು ಅಂತ ಕೇಳಿದರೆ ನಾನು ಪೆಬಲ್ ಅನ್ನುತ್ತೇನೆ. 2012ರ ಏಪ್ರಿಲ್‌ನಲ್ಲಿ ಕಿಕ್‌ಸ್ಟಾರ್ಟರ್ ಅನ್ನುವ ಜಾಲತಾಣದಲ್ಲಿ ಜನರೇ ಮುಂಗಡ ಕೊಟ್ಟು ಮಾಡಿಸಿದ ವಾಚ್ ಅದು. ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಸೇರಿತ್ತು. ಸೆಪ್ಟೆಂಬರಿಗೆ ಕೊಡುತ್ತೇವೆ ಅಂದವರು ಕಳಿಸಲು ಶುರು ಮಾಡಿದ್ದು 2013ರ ಜನವರಿಯಲ್ಲಿ. ತಡವಾಯಿತು, ನಿಜ. ಆದರೆ ವಾಚ್ ಹೇಳಿದ್ದು ಕಡಿಮೆ: ಸಮಯ ತೋರಿಸುತ್ತೇನೆ, ಫೋನಿಗೆ ಬಂದ ಮೆಸೇಜ್ ತೋರಿಸುತ್ತೇನೆ, ಬಿಸಿಲಿನಲ್ಲೂ ಕಾಣುತ್ತೇನೆ, ಸುಮಾರು ಒಂದು ವಾರ ಚಾರ್ಜ್ ಕೇಳುವುದಿಲ್ಲ. ಬಣ್ಣವಿಲ್ಲ, ಟಚ್ ಇಲ್ಲ. ಹೇಳಿದ್ದನ್ನು ಮಾಡಿತು.

ಅದರ ಪಕ್ಕದಲ್ಲಿ 2013ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಗೇರ್ ಇಟ್ಟು ನೋಡಿ. ಬೆಲ್ಟಿನಲ್ಲೇ ಕ್ಯಾಮೆರಾ! ಹಾಗಾಗಿ ಬೆಲ್ಟ್ ಹರಿದರೆ ಬೇರೆ ಹಾಕುವ ಹಾಗಿಲ್ಲ. ಶುರುವಿನಲ್ಲಿ ಫೋನುಗಳ ಪೈಕಿ ಅದು ಕೆಲಸ ಮಾಡುತ್ತಿದ್ದದ್ದು ಗ್ಯಾಲಕ್ಸಿ ನೋಟ್ 3 ಜೊತೆ ಮಾತ್ರ. ಮರುವರ್ಷ ಏಪ್ರಿಲ್‌ಗೆಲ್ಲ ಗೇರ್ 2 ಬಂತು. ಅದರಲ್ಲಿ ಕ್ಯಾಮೆರಾ ಮೈಯೊಳಕ್ಕೆ ಹೋಗಿತ್ತು, ಬೆಲ್ಟ್ ಬದಲಾಯಿಸಬಹುದಿತ್ತು. ಮೊದಲನೆಯದನ್ನು ಕೊಂಡವರು ಹೊಸದರ ಖುಷಿ ಅನುಭವಿಸಿದ್ದು ಏಳೇ ತಿಂಗಳು.

ಬ್ಯಾಟರಿ ಲೆಕ್ಕ

ಇದನ್ನು ಮಾತ್ರ ದಯವಿಟ್ಟು ಪೆನ್ನು ಹಿಡಿದು ಮಾಡಿ. ಜನ ಮೊದಲ ದಿನದ ಬ್ಯಾಟರಿ ನೋಡುತ್ತಾರೆ. ನೋಡಬೇಕಾದ್ದು ಎರಡನೇ ವರ್ಷದ್ದು.

ಮೊದಲ ಆಪಲ್ ವಾಚ್‌ಗೆ ಕಂಪನಿ ಹೇಳಿದ್ದು 18 ಗಂಟೆ. ಬೆಳಿಗ್ಗೆ ಏಳಕ್ಕೆ ಕಟ್ಟಿಕೊಂಡರೆ ರಾತ್ರಿ ಒಂದರ ತನಕ, ಸಾಕಲ್ವಾ? ಈಗ ಲಿಥಿಯಂ ಬ್ಯಾಟರಿಯ ಸ್ವಭಾವ ನೋಡಿ. ಚಾರ್ಜ್ ಮಾಡಿದಷ್ಟೂ ಅದರ ಹೊಟ್ಟೆ ಚಿಕ್ಕದಾಗುತ್ತದೆ. ಸಾವಿರ ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇ 80ರವರೆಗೆ ಉಳಿಯುವಂತೆ ತನ್ನ ವಾಚ್ ಬ್ಯಾಟರಿ ಮಾಡಿದ್ದೇವೆ ಅಂತ ಆಪಲ್ ಹೇಳುತ್ತದೆ. ಅದೇ ಒಳ್ಳೆಯ ಲೆಕ್ಕ ಅಂದುಕೊಳ್ಳಿ. 18 ಗಂಟೆಯ ಶೇ 80 ಅಂದರೆ ಸುಮಾರು 14 ಗಂಟೆ 24 ನಿಮಿಷ. ಬೆಳಿಗ್ಗೆ ಏಳಕ್ಕೆ ಕಟ್ಟಿದ್ದು ರಾತ್ರಿ ಒಂಬತ್ತೂವರೆಗೆ ಮುಂಚೆಯೇ ಕಣ್ಣು ಮುಚ್ಚುತ್ತದೆ. ವಾರಕ್ಕೊಮ್ಮೆ ಚಾರ್ಜ್ ಕೇಳುವ ವಾಚ್ ವರ್ಷಕ್ಕೆ ಐವತ್ತು ಸಲ ಚಾರ್ಜ್ ಆಗುತ್ತದೆ, ದಿನಾ ಕೇಳುವುದು 365 ಸಲ. ಅಂದರೆ ದಿನಾ ಚಾರ್ಜ್ ಕೇಳುವ ವಾಚ್ ಶುರುವಿನಲ್ಲೂ ಕಡಿಮೆ ಬಾಳುತ್ತದೆ, ಮುದಿಯೂ ಬೇಗ ಆಗುತ್ತದೆ. ಪೆಟ್ಟಿನ ಮೇಲೆ ಪೆಟ್ಟು.

ವಾಚ್‌ಗೆ ಇದು ಫೋನಿಗಿಂತ ಜಾಸ್ತಿ ತಾಗುತ್ತದೆ. ಇವತ್ತಿನ ಸಾಧಾರಣ ಫೋನಿನಲ್ಲಿ ನಾಲ್ಕೈದು ಸಾವಿರ ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಇರುತ್ತದೆ. ಮೊದಲ ಪಿಕ್ಸೆಲ್ ವಾಚ್‌ನಲ್ಲಿ ಇದ್ದದ್ದು 294. ಮೊದಲ ಆಪಲ್ ವಾಚ್‌ನ ಚಿಕ್ಕ ಮಾದರಿಯಲ್ಲಿ 205. ಇಷ್ಟು ಸಣ್ಣ ಮಡಕೆಯಲ್ಲಿ ಒಂದು ಲೋಟ ಕಮ್ಮಿಯಾದರೂ ಗೊತ್ತಾಗುತ್ತದೆ.

ನನ್ನದು ಕೊಂಡ ವಾರ ರಾತ್ರಿ ಹತ್ತರ ತನಕ ಬರುತ್ತಿತ್ತು. ಹದಿನಾಲ್ಕು ತಿಂಗಳಾದ ಮೇಲೆ ಸಂಜೆ ಐದು. ನಿದ್ದೆ ಅಳೆಯುತ್ತದೆ ಅಂತ ಕೊಂಡ ವಾಚನ್ನು ನಿದ್ದೆ ಮಾಡುವಾಗ ಚಾರ್ಜಿಗೆ ಹಾಕಬೇಕಾಗಿತ್ತು. ಇದನ್ನು ನಾನು ಕೊಳ್ಳುವ ಮುಂಚೆ ಯೋಚಿಸಲಿಲ್ಲ. ಟೆಸ್ಟರ್ ಅಂತೆ!

ಆದ್ದರಿಂದ ಹೀಗೆ ಮಾಡಿ. ವಿಮರ್ಶೆಗಳಲ್ಲಿ ಕಂಪನಿಯ ಲೆಕ್ಕ ಬಿಡಿ, ಜಿಪಿಎಸ್ ಹಾಕಿ ಅಳೆದವರ ಲೆಕ್ಕ ತಗೊಳ್ಳಿ. ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ. ಉಳಿದ ಗಂಟೆಗಳು ನಿಮ್ಮ ವಾಕ್ಯಕ್ಕೆ ಸಾಕಾ? ಸಾಲದಿದ್ದರೆ, ದಿನದಲ್ಲಿ ಯಾವ ಅರ್ಧ ಗಂಟೆ ವಾಚ್ ಇಲ್ಲದೆ ಇರುತ್ತೀರಿ ಅಂತ ಗುರುತಿಸಿ. ಅಂಥ ಅರ್ಧ ಗಂಟೆ ಇಲ್ಲ ಅಂದರೆ ಆ ವಾಚ್ ನಿಮಗಲ್ಲ.

ಎಷ್ಟು ವರ್ಷ ನೋಡಿಕೊಳ್ಳುತ್ತಾರೆ?

ಮಾಮೂಲಿ ಗಡಿಯಾರಕ್ಕೆ ಸೆಲ್ ಹಾಕಿದರೆ ಅದು ಓಡುತ್ತಿರುತ್ತದೆ. ಇದು ಹಾಗಲ್ಲ. ಮೊದಲ ಆಪಲ್ ವಾಚ್‌ಗೆ 2018ರ ಹೊಸ ಸಾಫ್ಟ್‌ವೇರ್, ವಾಚ್ ಓಎಸ್ 5, ಬರಲಿಲ್ಲ. 18 ಕ್ಯಾರಟ್ ಚಿನ್ನದ ಮಾದರಿಗೂ ಬರಲಿಲ್ಲ. ಚಿನ್ನ ಚಿನ್ನವಾಗಿಯೇ ಉಳಿಯಿತು, ಒಳಗಿನದು ನಿಂತಿತು. ಮೊಟೊರೊಲಾದ ಮೊದಲ ಮೊಟೊ 360 ಕಥೆಯೂ ಅದೇ. 2014ರ ವಾಚ್, ಒಳಗೆ ಅದಾಗಲೇ ಹಳೆಯದಾಗಿದ್ದ ಚಿಪ್. 2017ರ ಆಂಡ್ರಾಯ್ಡ್ ವೇರ್ 2.0 ಅನ್ನುವ ಹೊಸ ಸಾಫ್ಟ್‌ವೇರ್ ಅದಕ್ಕೆ ಸಿಗಲಿಲ್ಲ.

ಕಂಪನಿಯೇ ಮುಚ್ಚಿದರೆ? ಪೆಬಲ್ 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅದರ ಸಾಫ್ಟ್‌ವೇರ್ ಆಸ್ತಿಯನ್ನು ಫಿಟ್‌ಬಿಟ್ ಅನ್ನುವ ಇನ್ನೊಂದು ಕಂಪನಿ ಕೊಂಡಿತು. 2018ರ ಜೂನ್‌ನಲ್ಲಿ ಸರ್ವರ್‌ಗಳು ನಿಂತವು. ಆದರೂ ಸಮಯ, ಮೆಸೇಜ್ ಎಲ್ಲ ನಡೆಯುತ್ತಲೇ ಇತ್ತು, ಯಾಕೆಂದರೆ ಅವಕ್ಕೆ ಸರ್ವರ್ ಬೇಕಿರಲಿಲ್ಲ. ಉಳಿದದ್ದನ್ನು ರೆಬಲ್ ಅನ್ನುವ ಅಭಿಮಾನಿಗಳ ಗುಂಪು ಎತ್ತಿ ನಿಲ್ಲಿಸಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಇಂಟೆಲ್ ತನ್ನ ಬೇಸಿಸ್ ಪೀಕ್ ವಾಚನ್ನು ವಿಪರೀತ ಬಿಸಿಯಾಗುತ್ತದೆ ಅಂತ 2016ರಲ್ಲಿ ವಾಪಸ್ ಕರೆಸಿಕೊಂಡಿತು. ಆ ವರ್ಷದ ಕೊನೆಗೆ ಅದರ ಸೇವೆಯನ್ನೂ ನಿಲ್ಲಿಸಿತು. ಹಾಗಾಗಿ ಅಂಗಡಿಯವರನ್ನು ಕೇಳಿ, ಇಲ್ಲವೇ ಕಂಪನಿಯ ಸಹಾಯ ಪುಟ ನೋಡಿ: ಅಕೌಂಟ್ ಇಲ್ಲದೆ, ಇಂಟರ್‌ನೆಟ್ ಇಲ್ಲದೆ ವಾಚ್ ಏನೇನು ಮಾಡುತ್ತದೆ?

ಅಪ್‌ಡೇಟ್ ಎಷ್ಟು ವರ್ಷ ಅನ್ನುವುದನ್ನು ಎಣಿಸುವಾಗ ಒಂದು ಗುಂಡಿ ಇದೆ, ಬೀಳಬೇಡಿ. ಲೆಕ್ಕ ಶುರುವಾಗುವುದು ವಾಚ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಮೊದಲ ಪಿಕ್ಸೆಲ್ ವಾಚ್‌ಗೆ ಗೂಗಲ್ ಹೇಳಿದ್ದು 2025ರ ಅಕ್ಟೋಬರ್ ತನಕ. ಮೊದಲ ದಿನ ಕೊಂಡವರಿಗೆ ಮೂರು ವರ್ಷ. ಎರಡನೇ ಮಾದರಿ ಬಂದ ಮೇಲೆ, ರೇಟ್ ಇಳಿಯಿತು ಅಂತ ಮೊದಲನೆಯದನ್ನು ಕೊಂಡವರಿಗೆ ಎರಡೇ. ಕಾದು ಹಳೆಯದನ್ನೇ ಕೊಳ್ಳುವುದು ಜಾಣತನ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೆಲವೊಮ್ಮೆ ಹೌದು. ಆದರೆ ಇಳಿದ ರೇಟನ್ನು ಉಳಿದ ವರ್ಷಗಳಿಂದ ಭಾಗಿಸಿ ನೋಡಿ, ಆಮೇಲೆ ಖುಷಿಪಡಿ.

ರಿಪೇರಿ ಬಗ್ಗೆಯೂ ಕೇಳಿ. ಮೊದಲ ಪಿಕ್ಸೆಲ್ ವಾಚ್‌ನ ಗಾಜು ಒಡೆದರೆ ರಿಪೇರಿಯ ದಾರಿಯೇ ಇಲ್ಲ ಅಂತ ಗೂಗಲ್ 2023ರಲ್ಲಿ ಹೇಳಿತ್ತು. ಗೋಡೆಗೆ, ಬಾಗಿಲಿಗೆ ಕೈ ಬಡಿಯದವರು ಯಾರಿದ್ದಾರೆ?

ಫೋನ್ ವಿಷಯ ಎರಡೇ ಮಾತಿನಲ್ಲಿ. ಆಪಲ್ ವಾಚ್ ಆಂಡ್ರಾಯ್ಡ್ ಫೋನಿಗೆ ಆಗುವುದಿಲ್ಲ, ಈಗಿನ ಗ್ಯಾಲಕ್ಸಿ ವಾಚ್, ಪಿಕ್ಸೆಲ್ ವಾಚ್ ಐಫೋನಿಗೆ ಆಗುವುದಿಲ್ಲ. ಎರಡು ವರ್ಷದೊಳಗೆ ಫೋನಿನ ಜಾತಿ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಫೋನ್ ಕೊಳ್ಳಿ.

ಕಾಯುವುದಾದರೆ ಹೀಗೆ ಕಾಯಿರಿ

ತಾಳಿದವನು ಬಾಳಿಯಾನು ಅಂತಾರೆ. ಎಷ್ಟು ದಿನ ತಾಳಬೇಕು ಅಂತ ಗಾದೆಯಲ್ಲಿ ಇಲ್ಲ. ಎರಡನೇ ಮಾದರಿ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ, ಮೂರನೆಯದು ಅದಕ್ಕಿಂತ. ಈ ಲೆಕ್ಕದಲ್ಲಿ ಯಾವತ್ತೂ ಕೊಳ್ಳುವ ಹಾಗೇ ಇಲ್ಲ. ಹಾಗಾಗಿ ಕಾಯುವುದಕ್ಕೂ ಒಂದು ಹೆಸರು, ಒಂದು ತಾರೀಕು ಇರಬೇಕು. "ವಾಚ್‌ನಲ್ಲೇ ಜಿಪಿಎಸ್ ಬರಲಿ, ಅದನ್ನು ಹಾಕಿ ಓಡಿದರೂ ಎರಡು ದಿನ ಚಾರ್ಜ್ ಬರಲಿ, ಮುಂದಿನ ಅಕ್ಟೋಬರ್ ತನಕ ನೋಡುತ್ತೇನೆ." ಇದು ಕಾಯುವುದು. "ಇನ್ನೂ ಸ್ವಲ್ಪ ಸುಧಾರಿಸಲಿ" ಅನ್ನುವುದು ಸುಮ್ನೆ ಕೂರುವುದು.

ಹೆಸರಿಡುವಾಗ ಆಗುವಂಥದ್ದಕ್ಕೇ ಇಡಿ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುವ ವಾಚ್ ಬರಲಿ ಅಂತ ಕಾಯುವವರು ನನ್ನ ಬಳಗದಲ್ಲೇ ಇದ್ದಾರೆ. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ಯಾವ ವಾಚ್‌ಗೂ, ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಅಂತ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಅಳೆಯುತ್ತದೆ ಅಂತ ಹೇಳಿ ಮಾರುವ ವಾಚ್‌ಗಳು ಮಾತ್ರ ಆಗಲೇ ಬೇಕಾದಷ್ಟಿದ್ದವು. ಮಧುಮೇಹ ಇರುವವರು ಆ ಅಂಕಿ ನಂಬಿ ಇನ್ಸುಲಿನ್ ತಗೊಂಡರೆ ಪ್ರಾಣಕ್ಕೇ ಬರುತ್ತದೆ. ಅಂಥ ಜಾಹೀರಾತು ಕಂಡರೆ ಆ ಕಂಪನಿಯ ಉಳಿದ ಮಾತನ್ನೂ ನಂಬಬೇಡಿ.

ಪೂರ್ತಿ ಒಂದು ತಲೆಮಾರು ಕಾಯುವ ಮನಸ್ಸಿಲ್ಲದಿದ್ದರೆ ಮೂರು ತಿಂಗಳಾದರೂ ಕಾಯಿರಿ. ಮೊದಲ ವಾರದ ವಿಮರ್ಶೆಗಳು ಮದುವೆ ಮನೆಯ ಫೋಟೊ ಥರ, ಎಲ್ಲರೂ ನಗುತ್ತಿರುತ್ತಾರೆ. ಮೂರು ತಿಂಗಳಲ್ಲಿ ನಾನು ನೋಡುವುದು ಅಪ್‌ಡೇಟ್‌ಗಳ ಪಟ್ಟಿ. ಎಷ್ಟು ಬಂದವು ಅನ್ನುವುದಕ್ಕಿಂತ ಏನು ಬರೆದಿದ್ದಾರೆ ಅನ್ನುವುದು ಮುಖ್ಯ. "ಸಣ್ಣಪುಟ್ಟ ದೋಷ ಸರಿಪಡಿಸಿದ್ದೇವೆ" ಅಂತ ಪ್ರತಿ ಸಲ ಒಂದೇ ಸಾಲು ಇದ್ದರೆ ನನಗೆ ಅನುಮಾನ. "ಕರೆ ಬಂದಾಗ ವಾಚ್ ಕೆಲವೊಮ್ಮೆ ಅಲುಗುತ್ತಿರಲಿಲ್ಲ, ಈಗ ಸರಿಯಾಗಿದೆ" ಅಂತ ಹೆಸರಿಟ್ಟು ಬರೆದಿದ್ದರೆ ಒಳಗೆ ಯಾರೋ ನಿಜವಾಗಿ ದೂರು ಓದುತ್ತಿದ್ದಾರೆ ಅಂತ ಅರ್ಥ.

ಈ ಮಧ್ಯೆ ಯಾರದಾದರೂ ಹಳೆಯ ವಾಚ್ ಸಿಕ್ಕರೆ ಒಂದು ವಾರ ಎರವಲು ತಂದು ಹಾಕಿ. ಯಾವ ಕಂಪನಿಯದಾದರೂ ಸರಿ. ಕೈಗೆ ವಾಚ್ ಹಾಕಿಕೊಂಡು ಮಲಗಲು ನಿಮಗೆ ಆಗುತ್ತದಾ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಆದರೂ ಈಗಲೇ ಬೇಕು ಅಂದರೆ

ಕೊಳ್ಳಿ, ಬೈಯುವುದಿಲ್ಲ. ಡಬ್ಬ, ಪ್ಲಾಸ್ಟಿಕ್, ಬಿಲ್ಲು ಏನೂ ಬಿಸಾಡಬೇಡಿ. ವಾಪಸ್ ಮಾಡಲು ಎಷ್ಟು ದಿನ ಅಂತ ನೋಡಿ, ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಒಂದು ಅಲಾರಂ ಇಡಿ. ಆ ಅಲಾರಂ ವಾಚ್‌ನಲ್ಲೇ ಇಟ್ಟರೆ ಅದೂ ಒಂದು ಪರೀಕ್ಷೆ.

ಮೊದಲ ದಿನ ಅಪ್‌ಡೇಟ್ ಹಾಕಿ, ಆಟವಾಡಿ, ಅಷ್ಟೇ. ಹೊಸದನ್ನು ಒತ್ತಿ ಒತ್ತಿ ನೋಡುವ ದಿನದ ಬ್ಯಾಟರಿ ಲೆಕ್ಕಕ್ಕೆ ಬಾರದು. ಎದೆಬಡಿತ ನೋಡಲು ಕೂತು ಎರಡು ಬೆರಳಿಟ್ಟು ನಾಡಿ ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ, ವಾಚ್ ಜೊತೆ ಹೋಲಿಸಿ. ಆಮೇಲೆ ಮೆಟ್ಟಿಲು ಹತ್ತಿ ಬಂದು ಮತ್ತೆ ಎಣಿಸಿ. ಕೂತಾಗ ಸರಿ ಇದ್ದು ಏದುಸಿರಿನಲ್ಲಿ ದಾರಿ ತಪ್ಪುವ ವಾಚ್‌ಗಳು ಇವೆ. ಬೆಲ್ಟ್ ಸಡಿಲ ಇದ್ದರೂ ಹಾಗಾಗುತ್ತದೆ, ಒಂದು ತೂತು ಬಿಗಿ ಮಾಡಿ ಮತ್ತೆ ನೋಡಿ. ಜಿಪಿಎಸ್‌ಗೆ ಓಟದ ಮೈದಾನದ ಒಳಗಿನ ಸುತ್ತು ಒಳ್ಳೆಯ ಅಳತೆ, ಅದು 400 ಮೀಟರ್. ಐದು ಸುತ್ತು ಹಾಕಿ 2 ಕಿಲೋಮೀಟರಿಗೆ ಎಷ್ಟು ಹತ್ತಿರ ಬಂತು ನೋಡಿ.

ಒಂದು ಇಡೀ ದಿನ ಫೋನ್ ಆಫ್ ಮಾಡಿ ವಾಚ್ ಹಾಕಿ. ನಿಮ್ಮ ಮೊದಲ ಕಾಲಂ ನಿಜವಾ ಸುಳ್ಳಾ ಅಂತ ಅವತ್ತು ಗೊತ್ತಾಗುತ್ತದೆ. ಚರ್ಮ ಕೆಂಪಾದರೆ, ತುರಿಸಿದರೆ "ಅಭ್ಯಾಸ ಆಗುತ್ತದೆ" ಅಂದುಕೊಳ್ಳಬೇಡಿ. ತೆಗೆದಿಡಿ. ಫಿಟ್‌ಬಿಟ್ ತನ್ನ ಫೋರ್ಸ್ ಅನ್ನುವ ಬ್ಯಾಂಡನ್ನು 2014ರಲ್ಲಿ ಚರ್ಮದ ಅಲರ್ಜಿಯ ಕಾರಣಕ್ಕೇ ವಾಪಸ್ ಕರೆಸಿಕೊಂಡಿತ್ತು.

ಅಲಾರಂ ಹೊಡೆದ ದಿನ ನಿಮ್ಮ ಆ ವಾಕ್ಯ ತೆಗೆದು ಓದಿ. ಬರೆದ ಕೆಲಸಕ್ಕೆ ವಾಚ್ ಎಷ್ಟು ದಿನ ಬಳಸಿದಿರಿ ಅಂತ ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಡಬ್ಬಕ್ಕೆ ಹಾಕಿ ಕಳಿಸಿ.

ತಮ್ಮನ ವಾಚ್‌ಗೆ ವಾಪಸ್ ಬರೋಣ. ನಾವಿಬ್ಬರೂ ಫೋನಿನಲ್ಲೇ ಕಾಲಂ ತುಂಬಿದೆವು. ಓಟದ ದಾರಿ ದಾಖಲಾಗುತ್ತದೆ ಅಂತ ದೊಡ್ಡ ಅಕ್ಷರದಲ್ಲಿತ್ತು. ಅದರ ಮೇಲೆ ಒಂದು ಪುಟ್ಟ ನಕ್ಷತ್ರ. ಕೆಳಗೆ ಹೋಗಿ ಓದಿದರೆ, ಜೊತೆಗಿರುವ ಫೋನಿನ ಜಿಪಿಎಸ್ ಬಳಸುತ್ತದೆ ಅಂತ ಇತ್ತು. ಅವನು ಒಂದು ನಿಮಿಷ ಮಾತಾಡಲಿಲ್ಲ.

"ಬಣ್ಣ ಚೆನ್ನಾಗಿತ್ತು ಅಕ್ಕಾ" ಅಂದ ಆಮೇಲೆ.

"ಚೆನ್ನಾಗೇ ಇದೆ ಕಣೋ" ಅಂದೆ. ಮುಂದಿನ ಅಕ್ಟೋಬರಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾನೆ. ಅಲ್ಲಿಯ ತನಕ ಎರವಲಿಗೆ ನನ್ನ ಡ್ರಾಯರಿನ ವಾಚ್ ಕೇಳಿದ. ಹುಡುಕಿದೆ, ವಾಚ್ ಸಿಕ್ಕಿತು. ಅದರ ಚಾರ್ಜರ್ ಬೇರೆ ಯಾವುದಕ್ಕೂ ಕೂರದ ಥರದ್ದು, ಅದು ಸಿಗಲಿಲ್ಲ.